ಕರ್ನಾಟಕ ಕರಾವಳಿಯ ದ್ವೀಪ ಪ್ರವಾಸ

ಕರ್ನಾಟಕ ಕರಾವಳಿಯ ದ್ವೀಪ ಪ್ರವಾಸ ಎಂಬುದು ರಾಜ್ಯದ ಅರಬ್ಬೀ ಸಮುದ್ರ ತೀರದಾಚೆ ಇರುವ ಚಿಕ್ಕ ದ್ವೀಪಗಳಿಗೂ ನದಿಗಳ ಅಳಿವೆಗಳಲ್ಲಿರುವ ಕುದ್ರುಗಳಿಗೂ ದೋಣಿಯಲ್ಲಿ ಹೋಗಿಬರುವ ವಿಹಾರವಾಗಿದೆ. ಉಡುಪಿ ಜಿಲ್ಲೆಯ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಗಳಿಗೆ, ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ನೇತ್ರಾಣಿಗೆ ಮತ್ತು ಕಾರವಾರದಿಂದ ಅಲ್ಲಿನ ಕೊಲ್ಲಿಯ ದ್ವೀಪಗಳಿಗೆ ನಡೆಯುವ ಪ್ರಯಾಣಗಳು ಇವುಗಳಲ್ಲಿ ಪ್ರಮುಖವಾದವು. ಕೆರಿಬಿಯನ್ ಸಮುದ್ರದಲ್ಲಿ ಒಂದು ವಾರದ ಮಟ್ಟಿಗೆ ಹಾಯಿದೋಣಿಯನ್ನು ಬಾಡಿಗೆಗೆ ಪಡೆದು, ಅದರಲ್ಲೇ ಮಲಗಿ, ಅಡುಗೆ ಮಾಡಿಕೊಂಡು, ದ್ವೀಪದಿಂದ ದ್ವೀಪಕ್ಕೆ ಸಾಗುವ ಪದ್ಧತಿ ಜನಪ್ರಿಯವಾಗಿದೆ. ಕರ್ನಾಟಕದಲ್ಲಿ ಅಂತಹ ಪದ್ಧತಿ ಬೆಳೆದಿಲ್ಲ. ಇಲ್ಲಿ ಪ್ರವಾಸಿಗರು ದಡದ ಊರುಗಳಲ್ಲಿ ತಂಗಿ, ಬೆಳಿಗ್ಗೆ ದ್ವೀಪಕ್ಕೆ ಹೋಗಿ, ಹಗಲಿನಲ್ಲೇ ಮರಳುತ್ತಾರೆ. ದ್ವೀಪಗಳ ನಡುವಿನ ಅಂತರ, ಆಸರೆಯಿಲ್ಲದ ತೆರೆದ ಸಮುದ್ರ ಮತ್ತು ಮುಂಗಾರು ಮಾರುತ ಇದಕ್ಕೆ ಮುಖ್ಯ ಕಾರಣಗಳು. ಆದ್ದರಿಂದ ಒಂದು ವಾರದ ದ್ವೀಪ ಪ್ರವಾಸದ ಯೋಜನೆ ವಸತಿ ಮತ್ತು ವಾಹನಗಳಿಗಿಂತ ಮೊದಲು ಋತು, ಗಾಳಿ ಹಾಗೂ ಉಬ್ಬರವಿಳಿತಗಳನ್ನು ಅವಲಂಬಿಸಿರುತ್ತದೆ.

ಇತಿಹಾಸ

ಸುಮಾರು 320 ಕಿ.ಮೀ. ಉದ್ದದ ಕರ್ನಾಟಕದ ಕರಾವಳಿ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಹರಡಿದೆ. ಮಂಗಳೂರು, ಬಾರ್ಕೂರು, ಬಸ್ರೂರು, ಭಟ್ಕಳ, ಹೊನ್ನಾವರ, ಮಿರ್ಜಾನ್ ಮೊದಲಾದ ಬಂದರುಗಳು ಶತಮಾನಗಳ ಕಾಲ ಹಾಯಿ ಹಡಗುಗಳ ವ್ಯಾಪಾರದಲ್ಲಿ ತೊಡಗಿದ್ದವು. ಇಲ್ಲಿಂದ ಅಕ್ಕಿ ಮತ್ತು ಮೆಣಸು ಹೊರಹೋಗುತ್ತಿದ್ದವು. ವಿಜಯನಗರದ ಸೇನೆಗೆ ಬೇಕಾದ ಕುದುರೆಗಳು ಭಟ್ಕಳದಂತಹ ಬಂದರುಗಳ ಮೂಲಕ ಒಳನಾಡಿಗೆ ಸಾಗುತ್ತಿದ್ದವು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಹೊನ್ನಾವರ, ಬಾರ್ಕೂರು ಮತ್ತು ಮಂಗಳೂರುಗಳ ಬಗ್ಗೆ ಬರೆದಿದ್ದಾನೆ. ತೈಮೂರಿ ದೊರೆ ಶಾರುಖನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಮಂಗಳೂರಿನಲ್ಲಿ ಇಳಿದು, ಅಲ್ಲಿಂದ ಭೂಮಾರ್ಗವಾಗಿ ವಿಜಯನಗರಕ್ಕೆ ತೆರಳಿದನು.

ಈ ವ್ಯಾಪಾರ ವರ್ಷವಿಡೀ ನಡೆಯುತ್ತಿರಲಿಲ್ಲ. ಪತ್ತೆಮಾರಿ, ಮಚ್ವೆ ಮುಂತಾದ ಹಾಯಿ ಹಡಗುಗಳನ್ನು ಮುಂಗಾರಿಗೆ ಮುನ್ನ ನದಿಯೊಳಕ್ಕೆ ತಂದು ನಿಲ್ಲಿಸುವುದು ಅಥವಾ ದಡಕ್ಕೆ ಎಳೆದಿಡುವುದು ವಾಡಿಕೆಯಾಗಿತ್ತು. ಮಳೆ ತಗ್ಗಿದ ಮೇಲೆ, ಶ್ರಾವಣದ ನೂಲ ಹುಣ್ಣಿಮೆಯ ದಿನ ಮೀನುಗಾರ ಸಮುದಾಯಗಳು ಸಮುದ್ರಕ್ಕೆ ಹಾಲು ಮತ್ತು ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸುವ ಸಂಪ್ರದಾಯ ಇಂದಿಗೂ ಮಲ್ಪೆ ಮೊದಲಾದ ಕಡೆ ಉಳಿದಿದೆ. ಉಡುಪಿಯ ಶ್ರೀಕೃಷ್ಣ ವಿಗ್ರಹದ ಕುರಿತ ಐತಿಹ್ಯವೂ ಹಡಗಿಗೆ ಸಂಬಂಧಿಸಿದ್ದಾಗಿದೆ. ಮಲ್ಪೆಯ ತೀರದಲ್ಲಿ ಬಿರುಗಾಳಿಗೆ ಸಿಲುಕಿದ ಹಡಗನ್ನು ಮಧ್ವಾಚಾರ್ಯರು ತಮ್ಮ ವಸ್ತ್ರ ಬೀಸಿ ದಡ ಸೇರಿಸಿದರೆಂದೂ, ನಾವಿಕನು ಕೃತಜ್ಞತೆಯಿಂದ ಕೊಟ್ಟ ಗೋಪೀಚಂದನದ ಗಡ್ಡೆಯಲ್ಲಿ ವಿಗ್ರಹ ದೊರೆಯಿತೆಂದೂ ನಂಬಲಾಗಿದೆ.

ರಸ್ತೆ ಮತ್ತು ರೈಲು ಸಂಪರ್ಕ ಬೆಳೆದಂತೆ, ದೋಣಿಗಳಿಗೆ ಯಂತ್ರಗಳು ಬಂದಂತೆ ಹಾಯಿಯ ಬಳಕೆ ಕ್ಷೀಣಿಸಿತು. ಇಂದು ದ್ವೀಪಗಳಿಗೆ ಹೋಗುವ ಪ್ರವಾಸಿ ದೋಣಿಗಳೆಲ್ಲವೂ ಬಹುಮಟ್ಟಿಗೆ ಯಂತ್ರಚಾಲಿತವಾಗಿವೆ.

ಪ್ರಮುಖ ದ್ವೀಪಗಳು

ಸೇಂಟ್ ಮೇರಿಸ್ ದ್ವೀಪಗಳು: ಮಲ್ಪೆಯ ಪಶ್ಚಿಮಕ್ಕೆ ಸುಮಾರು 6 ಕಿ.ಮೀ. ದೂರದಲ್ಲಿರುವ ಈ ಸಮೂಹದಲ್ಲಿ ನಾಲ್ಕು ಮುಖ್ಯ ದ್ವೀಪಗಳಿವೆ. ಅವು ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ. ಸ್ಥಳೀಯವಾಗಿ ತೋನ್ಸೆಪಾರ್ ಎಂಬ ಹೆಸರೂ ಬಳಕೆಯಲ್ಲಿದೆ. ಇಲ್ಲಿನ ಬಂಡೆಗಳು ಒತ್ತೊತ್ತಾಗಿ ನಿಲ್ಲಿಸಿದ ಕಂಬಗಳಂತೆ ಕಾಣುತ್ತವೆ. ಲಾವಾ ತಣ್ಣಗಾಗುವಾಗ ಕುಗ್ಗಿ, ಐದರಿಂದ ಏಳು ಮುಖಗಳ ಕಂಬಗಳಾಗಿ ಸೀಳುವುದರಿಂದ ಈ ರಚನೆ ಉಂಟಾಗುತ್ತದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಗೆ ಈ ಶಿಲೆಗಳನ್ನು ಸಂಬಂಧಿಸಲಾಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಶಿಲುಬೆಯೊಂದನ್ನು ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟನೆಂಬ ಪ್ರತೀತಿಯಿದೆ. ದ್ವೀಪಗಳಲ್ಲಿ ಜನವಸತಿ ಇಲ್ಲ. ರಾತ್ರಿ ತಂಗಲು ಅವಕಾಶವೂ ಇಲ್ಲ.

ನೇತ್ರಾಣಿ: ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ, ಅಂದರೆ 19 ಕಿ.ಮೀ. ದೂರದಲ್ಲಿರುವ ಈ ದ್ವೀಪ ಮೇಲಿನಿಂದ ನೋಡಿದಾಗ ಹೃದಯದ ಆಕಾರದಲ್ಲಿ ಕಾಣುತ್ತದೆ. ಪಾರಿವಾಳ ದ್ವೀಪ ಎಂಬ ಹೆಸರೂ ಇದಕ್ಕಿದೆ. ಕಡಿದಾದ ಬಂಡೆಗಳಿಂದಾಗಿ ದೋಣಿಯಿಂದ ಇಳಿಯುವುದು ಕಷ್ಟ. ಹೆಚ್ಚಿನ ಪ್ರವಾಸಿಗರು ದ್ವೀಪವನ್ನು ಹತ್ತದೆ, ಸುತ್ತಲಿನ ನೀರಿನಲ್ಲಿ ಸ್ಕೂಬಾ ಡೈವಿಂಗ್ ಅಥವಾ ಸ್ನಾರ್ಕೆಲಿಂಗ್ ಮಾಡಿ ಹಿಂದಿರುಗುತ್ತಾರೆ. ಇಲ್ಲಿ ಹವಳಗಳು, ಬಣ್ಣಬಣ್ಣದ ಬಂಡೆಮೀನುಗಳು ಮತ್ತು ಕಡಲಾಮೆಗಳು ಕಂಡುಬರುತ್ತವೆ. ಬಿಳಿಹೊಟ್ಟೆಯ ಕಡಲಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಭಾರತೀಯ ನೌಕಾಪಡೆಯು ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿಕೊಂಡಿತ್ತು.

ಬಸವರಾಜದುರ್ಗ: ಹೊನ್ನಾವರದ ಬಳಿ ಸಮುದ್ರದಲ್ಲಿರುವ ಈ ದ್ವೀಪದಲ್ಲಿ ಕೆಳದಿ ಅರಸರ ಕಾಲದ ಕೋಟೆಯ ಅವಶೇಷಗಳಿವೆ. ಇಲ್ಲಿಗೆ ನಿಯಮಿತ ದೋಣಿ ಸಂಚಾರವಿಲ್ಲ.

ಕಾರವಾರದ ದ್ವೀಪಗಳು: ಕಾಳಿ ನದಿಯ ಅಳಿವೆಯ ಸಮೀಪ ಸಮುದ್ರದಲ್ಲಿ ಕೂರ್ಮಗಡ ಮತ್ತು ದೇವಗಡ ದ್ವೀಪಗಳಿವೆ. ಕೂರ್ಮಗಡದಲ್ಲಿ ನರಸಿಂಹ ದೇವಾಲಯವಿದ್ದು, ಪ್ರತಿವರ್ಷ ಪುಷ್ಯ ಮಾಸದ ಜಾತ್ರೆಗೆ ಭಕ್ತರು ದೋಣಿಗಳಲ್ಲಿ ಹೋಗುತ್ತಾರೆ. ದೇವಗಡದ ದೀಪಸ್ತಂಭ 1864ರಿಂದ ಬಳಕೆಯಲ್ಲಿದೆ. ದಕ್ಷಿಣಕ್ಕಿರುವ ಅಂಜದೀವ ದ್ವೀಪ ಕಾರವಾರದ ಎದುರಿಗಿದ್ದರೂ ಆಡಳಿತಾತ್ಮಕವಾಗಿ ಗೋವಾ ರಾಜ್ಯಕ್ಕೆ ಸೇರಿದೆ. ಅದು ನೌಕಾನೆಲೆಯ ವ್ಯಾಪ್ತಿಯಲ್ಲಿರುವುದರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ. ಐ.ಎನ್.ಎಸ್. ಕದಂಬ ನೌಕಾನೆಲೆಯ ಸುತ್ತಲಿನ ನೀರಿನಲ್ಲಿ ಖಾಸಗಿ ದೋಣಿಗಳ ಸಂಚಾರ ನಿರ್ಬಂಧಿತವಾಗಿದೆ.

ಕುದ್ರುಗಳು ಮತ್ತು ಹಿನ್ನೀರು

ನದಿಯ ನಡುವೆ ಹೂಳು ಸೇರಿ ಉಂಟಾದ ನಡುಗಡ್ಡೆಗಳನ್ನು ಕರಾವಳಿಯಲ್ಲಿ ಕುದ್ರು ಎಂದು ಕರೆಯಲಾಗುತ್ತದೆ. ನೇತ್ರಾವತಿ, ಸ್ವರ್ಣಾ, ಸೀತಾ, ಪಂಚಗಂಗಾವಳಿ ಮತ್ತು ಶರಾವತಿ ನದಿಗಳ ಕೆಳಹರಿವಿನಲ್ಲಿ ಇಂತಹ ಹಲವು ಕುದ್ರುಗಳಿವೆ. ಕೆಲವುಗಳಲ್ಲಿ ಮನೆ, ತೋಟ ಮತ್ತು ಗದ್ದೆಗಳೂ ಇವೆ. ಸ್ವರ್ಣಾ ಮತ್ತು ಸೀತಾ ನದಿಗಳು ಸಮುದ್ರ ಸೇರುವ ಕೋಡಿ ಬೆಂಗ್ರೆ, ಕಯಾಕ್ ಸವಾರಿಗೆ ಹೆಸರಾದ ಸಾಲಿಗ್ರಾಮದ ಸಮೀಪದ ಸೀತಾ ನದಿ ಹಿನ್ನೀರು ಹಾಗೂ ಹೊನ್ನಾವರದ ಬಳಿಯ ಶರಾವತಿ ಹಿನ್ನೀರಿನ ಕಾಂಡ್ಲಾವನ ಪ್ರವಾಸಿಗರನ್ನು ಆಕರ್ಷಿಸುತ್ತವೆ. ಸಮುದ್ರದಲ್ಲಿ ಗಾಳಿ ಹೆಚ್ಚಾಗಿ ದ್ವೀಪಗಳಿಗೆ ದೋಣಿ ಬಿಡದ ದಿನಗಳಲ್ಲಿಯೂ ಹಿನ್ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಈ ಕಾರಣದಿಂದ ದ್ವೀಪ ಪ್ರವಾಸದ ಯೋಜನೆಯಲ್ಲಿ ಕುದ್ರುಗಳು ಪರ್ಯಾಯ ತಾಣಗಳಾಗಿ ಉಪಯುಕ್ತವಾಗಿವೆ.

ಋತುಮಾನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತವು ತೆರೆದ ಸಮುದ್ರದ ಮೇಲಿಂದ ನೇರವಾಗಿ ಈ ತೀರಕ್ಕೆ ಬಂದು ಅಪ್ಪಳಿಸುತ್ತದೆ. ಈ ಅವಧಿಯಲ್ಲಿ ದ್ವೀಪಗಳಿಗೆ ಪ್ರವಾಸಿ ದೋಣಿಗಳು ಸಂಚರಿಸುವುದಿಲ್ಲ. ಯಾಂತ್ರೀಕೃತ ಮೀನುಗಾರಿಕೆಗೂ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಮೀನುಗಳ ಸಂತಾನೋತ್ಪತ್ತಿಗೆ ಅವಕಾಶ ನೀಡುವುದು ಮತ್ತು ಮೀನುಗಾರರ ಸುರಕ್ಷತೆ ಇದರ ಉದ್ದೇಶಗಳು.

ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಸಮುದ್ರ ಶಾಂತವಾಗುತ್ತ ಬಂದರೂ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಏಳುವ ಕಾಲವದು. ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿಯೂ ಅದೇ ಅಪಾಯವಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ ಕರ್ನಾಟಕದ ಮೂರೂ ಕರಾವಳಿ ಜಿಲ್ಲೆಗಳಲ್ಲಿ ಹಾನಿ ಉಂಟುಮಾಡಿತು. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯನ್ನು ದ್ವೀಪ ಪ್ರವಾಸಕ್ಕೆ ಅತ್ಯಂತ ಅನುಕೂಲಕರವೆಂದು ಪರಿಗಣಿಸಲಾಗುತ್ತದೆ. ಮಳೆಯ ಕೆಸರು ತಿಳಿಯಾಗಿ ನೀರಿನೊಳಗೆ ದೂರದವರೆಗೆ ಕಾಣುವುದರಿಂದ ನೇತ್ರಾಣಿಯ ಡೈವಿಂಗ್‌ಗೂ ಇದೇ ಕಾಲ ಸೂಕ್ತ. ಮಾರ್ಚ್‌ ನಂತರ ಸೆಕೆಯೊಂದಿಗೆ ಮಧ್ಯಾಹ್ನದ ಗಾಳಿಯೂ ಬಲಗೊಳ್ಳುತ್ತದೆ.

ದಿನದ ಗಾಳಿ ಮತ್ತು ಉಬ್ಬರವಿಳಿತ

ಚಳಿಗಾಲ ಮತ್ತು ಬೇಸಿಗೆಯಲ್ಲಿ ಕರಾವಳಿಯ ಗಾಳಿ ದಿನಕ್ಕೆರಡು ಬಾರಿ ದಿಕ್ಕು ಬದಲಿಸುತ್ತದೆ. ರಾತ್ರಿ ನೆಲ ಸಮುದ್ರಕ್ಕಿಂತ ಬೇಗ ತಣಿಯುವುದರಿಂದ ನಸುಕಿನಲ್ಲಿ ಪೂರ್ವದ ಕಡೆಯಿಂದ ಹಗುರವಾದ ನೆಲಗಾಳಿ ಬೀಸುತ್ತದೆ. ಹಗಲು ನೆಲ ಕಾದ ಮೇಲೆ ಸಮುದ್ರದಿಂದ ಗಾಳಿ ಆರಂಭವಾಗಿ, ಮಧ್ಯಾಹ್ನದ ನಂತರ ವಾಯವ್ಯ ದಿಕ್ಕಿನಿಂದ ಬಲವಾಗಿ ಬೀಸುತ್ತದೆ. ಹಿಂದೆ ನಾಡದೋಣಿಗಳ ಮೀನುಗಾರರು ನಸುಕಿನ ನೆಲಗಾಳಿಯಲ್ಲಿ ಹಾಯಿ ಬಿಚ್ಚಿ ಹೊರಟು, ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದುದು ಇದೇ ಕಾರಣಕ್ಕೆ. ಯಂತ್ರಚಾಲಿತ ದೋಣಿಗೂ ಈ ನಿಯಮ ಅನ್ವಯಿಸುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಕನ್ನಡಿಯಂತಿದ್ದ ಸಮುದ್ರ ಮಧ್ಯಾಹ್ನ ಮೂರರ ವೇಳೆಗೆ ಅಲೆಗಳಿಂದ ಕೂಡಿರಬಹುದು. ಗಂಟೆಗೆ 8 ನಾಟಿಕಲ್ ಮೈಲಿ ವೇಗದ ದೋಣಿಗೆ ನೇತ್ರಾಣಿ ತಲುಪಲು ಸುಮಾರು ಒಂದು ಗಂಟೆ ಹದಿನೈದು ನಿಮಿಷ ಬೇಕು. ಬೆಳಿಗ್ಗೆ ತಡವಾಗಿ ಹೊರಟವರು ಗಾಳಿ ಹೆಚ್ಚಿದ ಹೊತ್ತಿನಲ್ಲೇ ಮರಳಬೇಕಾಗುತ್ತದೆ.

ಈ ತೀರದಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ ಮತ್ತು ಎರಡು ಬಾರಿ ಇಳಿತ ಉಂಟಾಗುತ್ತವೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಅತ್ಯಧಿಕವಾಗಿ, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆಯಾಗಿರುತ್ತದೆ. ಉಬ್ಬರದ ವೇಳೆ ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಳಿವೆಬಾಗಿಲಿನಲ್ಲಿ ಮರಳ ದಿಬ್ಬಗಳಿರುವುದರಿಂದ ಇಳಿತದ ಹೊತ್ತಿನಲ್ಲಿ ನೀರಿನ ಆಳ ಕಡಿಮೆಯಾಗುತ್ತದೆ. ನದಿಯ ನೀರು ರಭಸದಿಂದ ಹೊರಹರಿಯುವಾಗ ಸಮುದ್ರದ ಅಲೆ ಎದುರಾದರೆ ಅಲೆಗಳು ಕಡಿದಾಗಿ ಎದ್ದು ಒಡೆಯುತ್ತವೆ. ಸಮುದ್ರದ ಮಧ್ಯಭಾಗಕ್ಕಿಂತ ಅಳಿವೆಯನ್ನು ದಾಟುವುದೇ ಚಿಕ್ಕ ದೋಣಿಗಳಿಗೆ ಹೆಚ್ಚು ಅಪಾಯಕಾರಿ ಎಂದು ಹೇಳಲು ಇದೇ ಕಾರಣ.

ಕೆರಿಬಿಯನ್ ಹಾಯಿದೋಣಿ ಪ್ರವಾಸದೊಡನೆ ಹೋಲಿಕೆ

ಬಾಡಿಗೆ ಹಾಯಿದೋಣಿ ಪ್ರವಾಸಕ್ಕೆ ಜಗತ್ತಿನಲ್ಲಿ ಅತ್ಯಂತ ಹೆಸರಾದ ಪ್ರದೇಶಗಳಲ್ಲಿ ಬ್ರಿಟಿಷ್ ವರ್ಜಿನ್ ದ್ವೀಪಗಳು ಒಂದು. ಇವುಗಳ ರಾಜಧಾನಿ ಟೋರ್ಟೋಲಾ ದ್ವೀಪದ ರೋಡ್ ಟೌನ್. ಅಲ್ಲಿ ದೋಣಿಯನ್ನು ಮೂರು ಬಗೆಯಲ್ಲಿ ಬಾಡಿಗೆಗೆ ಕೊಡಲಾಗುತ್ತದೆ. ಅನುಭವವುಳ್ಳ ಬಾಡಿಗೆದಾರರೇ ದೋಣಿ ನಡೆಸುವುದು ಮೊದಲನೆಯದು. ದೋಣಿಯೊಂದಿಗೆ ನಾಯಕನನ್ನು ನೇಮಿಸಿಕೊಳ್ಳುವುದು ಎರಡನೆಯದು. ನಾಯಕ, ಅಡುಗೆಯವರು ಸೇರಿದಂತೆ ಎಲ್ಲ ಸಿಬ್ಬಂದಿಯೊಂದಿಗೆ ಪಡೆಯುವುದು ಮೂರನೆಯದು. ಮೊದಲನೆಯ ಬಗೆಯಲ್ಲಿ ಬಾಡಿಗೆದಾರರು ತಮ್ಮ ಹಿಂದಿನ ನೌಕಾಯಾನದ ಅನುಭವದ ವಿವರ ಒದಗಿಸಬೇಕಾಗುತ್ತದೆ.

ಆ ಪದ್ಧತಿ ಅಲ್ಲಿ ಬೆಳೆಯಲು ಭೂಗೋಳವೇ ಪ್ರಮುಖ ಕಾರಣ. ಸರ್ ಫ್ರಾನ್ಸಿಸ್ ಡ್ರೇಕ್ ಕಾಲುವೆಯ ಎರಡೂ ಬದಿಗೆ ದ್ವೀಪಗಳು ಸಾಲಾಗಿ ನಿಂತು ಸಾಗರದ ದೊಡ್ಡ ಅಲೆಗಳನ್ನು ತಡೆಯುತ್ತವೆ. ಒಂದು ದ್ವೀಪದಿಂದ ಮುಂದಿನದು ಕಣ್ಣಿಗೆ ಕಾಣುತ್ತದೆ. ಹೆಚ್ಚಿನ ದಾರಿಗಳು ಕೆಲವೇ ಗಂಟೆಗಳವು. ಪೂರ್ವ ಮತ್ತು ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಚಳಿಗಾಲದಲ್ಲಿ ಹಗಲೂ ರಾತ್ರಿಯೂ ಬಹುತೇಕ ಒಂದೇ ದಿಕ್ಕಿನಲ್ಲಿರುತ್ತವೆ. ಉಬ್ಬರವಿಳಿತದ ವ್ಯತ್ಯಾಸ ಅತ್ಯಲ್ಪ. ಪ್ರತಿ ದ್ವೀಪದ ಗಾಳಿಮರೆಯ ಬದಿಯಲ್ಲಿ ರಾತ್ರಿ ಲಂಗರು ಹಾಕಲು ಕೊಲ್ಲಿಗಳಿವೆ. ಆದರೂ ಅಲ್ಲಿ ಅಪಾಯವಿಲ್ಲವೆಂದಲ್ಲ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತಗಳ ಕಾಲ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಈ ದ್ವೀಪಗಳ ಕಟ್ಟಡಗಳನ್ನೂ ದೋಣಿಗಳನ್ನೂ ವ್ಯಾಪಕವಾಗಿ ನಾಶಪಡಿಸಿತು.

ಕರ್ನಾಟಕದ ದ್ವೀಪಗಳು ಇದಕ್ಕೆ ವ್ಯತಿರಿಕ್ತವಾಗಿವೆ. ಸೇಂಟ್ ಮೇರಿಸ್ ದ್ವೀಪಗಳಿಂದ ನೇತ್ರಾಣಿಗೆ ನೇರ ದೂರ ಸುಮಾರು 80 ಕಿ.ಮೀ., ಅಂದರೆ 43 ನಾಟಿಕಲ್ ಮೈಲಿ. ಗಂಟೆಗೆ 5 ನಾಟಿಕಲ್ ಮೈಲಿ ಸಾಗುವ ಹಾಯಿದೋಣಿಗೆ ಎಂಟೂವರೆ ಗಂಟೆಗೂ ಹೆಚ್ಚು ಕಾಲ ಬೇಕು. ದಾರಿ ವಾಯವ್ಯಕ್ಕಿದ್ದು, ಮಧ್ಯಾಹ್ನದ ಗಾಳಿಯೂ ಅದೇ ದಿಕ್ಕಿನಿಂದ ಎದುರಾಗುತ್ತದೆ. ಹಾಯಿದೋಣಿ ನೇರವಾಗಿ ಗಾಳಿಗೆದುರು ಸಾಗಲಾರದು. ಓರೆಯಾಗಿ ಅತ್ತಿತ್ತ ತಿರುಗುತ್ತ ಮುಂದುವರಿಯಬೇಕಾದ್ದರಿಂದ ದೂರ ಇನ್ನಷ್ಟು ಹೆಚ್ಚುತ್ತದೆ. ಅಷ್ಟು ಸಾಗಿ ತಲುಪಿದ ಮೇಲೆ ನೇತ್ರಾಣಿಯಲ್ಲಿ ರಾತ್ರಿ ಕಳೆಯಲು ಆಸರೆಯ ಕೊಲ್ಲಿ ಇಲ್ಲ. ಅಲ್ಲಿಂದ ಕಾರವಾರ ಮತ್ತೆ ಸುಮಾರು 90 ಕಿ.ಮೀ. ದೂರದಲ್ಲಿದೆ. ಮಲ್ಪೆಯಂತಹ ಬಂದರುಗಳನ್ನು ಮೀನುಗಾರಿಕೆಗಾಗಿ ರೂಪಿಸಲಾಗಿದ್ದು, ಋತುವಿನಲ್ಲಿ ಅವು ಟ್ರಾಲ್ ದೋಣಿಗಳಿಂದ ತುಂಬಿರುತ್ತವೆ. ಹೀಗಾಗಿ ದ್ವೀಪಗಳ ನಡುವಿನ ದಾರಿಯನ್ನು ನೆಲದ ಮೇಲೆ ಸಾಗಿ, ಸಮುದ್ರವನ್ನು ಆಯಾ ಊರಿನ ಎದುರಿನಲ್ಲಿ ಮಾತ್ರ ದಾಟುವುದು ಇಲ್ಲಿನ ಸಹಜ ಕ್ರಮವಾಗಿದೆ.

ಎರಡು ಪ್ರದೇಶಗಳ ನೌಕಾ ಸಂಕೇತಗಳಲ್ಲೂ ವ್ಯತ್ಯಾಸವಿದೆ. ಬಂದರನ್ನು ಪ್ರವೇಶಿಸುವ ದೋಣಿಗೆ ಭಾರತದಲ್ಲಿ ಕೆಂಪು ತೇಲುಗುರುತು ಎಡಕ್ಕೆ ಇರಬೇಕು. ಕೆರಿಬಿಯನ್ ಸೇರಿದಂತೆ ಅಮೆರಿಕ ಖಂಡಗಳಲ್ಲಿ ಅದು ಬಲಕ್ಕೆ ಇರಬೇಕು. ಭಾರತದಲ್ಲಿ ತರಬೇತಿ ಪಡೆದು ಅಲ್ಲಿ ಸ್ವತಃ ದೋಣಿ ನಡೆಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕಾಗುತ್ತದೆ.

ಒಂದು ವಾರದ ಪ್ರವಾಸದ ಯೋಜನೆ

ಮೈಸೂರಿನಂತಹ ಒಳನಾಡಿನ ನಗರದಿಂದ ಹೊರಡುವವರಿಗೆ ಮಡಿಕೇರಿ, ಸಂಪಾಜೆ, ಪುತ್ತೂರು ಮಾರ್ಗವಾಗಿ ಮಂಗಳೂರು ಸುಮಾರು 250 ಕಿ.ಮೀ. ದೂರದಲ್ಲಿದೆ. ಬೆಂಗಳೂರಿನಿಂದ ಮೈಸೂರು, ಹಾಸನ, ಮಂಗಳೂರು ಮಾರ್ಗವಾಗಿ ಮುರುಡೇಶ್ವರಕ್ಕೆ ರಾತ್ರಿ ರೈಲು ಸೌಲಭ್ಯವೂ ಇದೆ. ಮಂಗಳೂರಿನಿಂದ ಕಾರವಾರದವರೆಗೆ ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲುಮಾರ್ಗ ತೀರದುದ್ದಕ್ಕೂ ಸಾಗುತ್ತವೆ.

ದೋಣಿ ಸಂಚಾರ ಹವಾಮಾನವನ್ನು ಅವಲಂಬಿಸಿರುವುದರಿಂದ, ಪ್ರತಿ ದ್ವೀಪಕ್ಕೆ ನಿಗದಿಪಡಿಸಿದ ದಿನದ ಮರುದಿನವನ್ನು ಬಿಡುವಾಗಿ ಇಟ್ಟುಕೊಳ್ಳುವುದು ಸೂಕ್ತ. ಏಳು ದಿನಗಳ ಮಾದರಿ ಯೋಜನೆ ಹೀಗಿರಬಹುದು:

• ಮೊದಲನೆಯ ದಿನ: ಮೈಸೂರಿನಿಂದ ಉಡುಪಿಗೆ ಪ್ರಯಾಣ. ಮಲ್ಪೆಯಲ್ಲಿ ಮರುದಿನದ ದೋಣಿಯ ವೇಳೆ ಮತ್ತು ಹವಾಮಾನ ವಿಚಾರಣೆ.
• ಎರಡನೆಯ ದಿನ: ಬೆಳಗಿನ ಮೊದಲ ದೋಣಿಗಳಲ್ಲಿ ಸೇಂಟ್ ಮೇರಿಸ್ ದ್ವೀಪ, ಮಧ್ಯಾಹ್ನದೊಳಗೆ ವಾಪಸು. ಸಂಜೆ ಉಡುಪಿಯ ಶ್ರೀಕೃಷ್ಣ ಮಠ ಅಥವಾ 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ.
• ಮೂರನೆಯ ದಿನ: ಬಿಡುವಿನ ದಿನ. ಹಿಂದಿನ ದಿನ ದೋಣಿ ಸಿಗದಿದ್ದರೆ ದ್ವೀಪ. ಇಲ್ಲವಾದರೆ ಕೋಡಿ ಬೆಂಗ್ರೆ ಅಥವಾ ಸಾಲಿಗ್ರಾಮದ ಹಿನ್ನೀರು.
• ನಾಲ್ಕನೆಯ ದಿನ: ಮರವಂತೆ ಮಾರ್ಗವಾಗಿ ಮುರುಡೇಶ್ವರಕ್ಕೆ ಪ್ರಯಾಣ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇದೆ.
• ಐದನೆಯ ದಿನ: ನಸುಕಿನಲ್ಲಿ ನೇತ್ರಾಣಿಗೆ ಪ್ರಯಾಣ, ಮಧ್ಯಾಹ್ನದ ವೇಳೆಗೆ ವಾಪಸು.
• ಆರನೆಯ ದಿನ: ಬಿಡುವಿನ ದಿನ. ನೇತ್ರಾಣಿ ತಪ್ಪಿದ್ದರೆ ಎರಡನೆಯ ಪ್ರಯತ್ನ. ಇಲ್ಲವಾದರೆ ಹೊನ್ನಾವರದ ಶರಾವತಿ ಹಿನ್ನೀರು.
• ಏಳನೆಯ ದಿನ: ಮರಳಿ ಪ್ರಯಾಣ.

ಕಾರವಾರವನ್ನೂ ಸೇರಿಸಿಕೊಳ್ಳಬೇಕೆನ್ನುವವರು ಮಲ್ಪೆಯನ್ನು ಬಿಡುವುದು ಅಥವಾ ಪ್ರವಾಸವನ್ನು ಎರಡು ದಿನ ವಿಸ್ತರಿಸುವುದು ಅನಿವಾರ್ಯ. ಬಿಡುವಿನ ದಿನಗಳನ್ನು ತೆಗೆದುಹಾಕಿ ಇನ್ನೊಂದು ದ್ವೀಪವನ್ನು ಸೇರಿಸಿದರೆ, ಗಾಳಿ ಎದ್ದ ದಿನವೂ ಹೋಗಲೇಬೇಕೆಂಬ ಒತ್ತಡ ಪ್ರವಾಸಿಗರ ಮೇಲೂ ದೋಣಿಯವರ ಮೇಲೂ ಬೀಳುತ್ತದೆ.

ಸ್ಕೂಬಾ ಡೈವಿಂಗ್ ಮಾಡಿದವರಿಗೆ ಮರುಪ್ರಯಾಣದ ವೇಳೆಯೂ ಮುಖ್ಯವಾಗುತ್ತದೆ. ಆಳದಲ್ಲಿ ಉಸಿರಾಡಿದಾಗ ರಕ್ತ ಮತ್ತು ಅಂಗಾಂಶಗಳಲ್ಲಿ ಹೆಚ್ಚುವರಿ ಸಾರಜನಕ ಕರಗಿರುತ್ತದೆ. ವಾಯುವಿನ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಬೇಗನೆ ಏರಿದರೆ ಅದು ಗುಳ್ಳೆಗಳಾಗಿ ಕೀಲುನೋವು, ಪಾರ್ಶ್ವವಾಯು ಮೊದಲಾದ ತೊಂದರೆಗಳನ್ನು ಉಂಟುಮಾಡಬಹುದು. ಒಂದು ಬಾರಿ ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಏರಬಾರದೆಂಬುದು ಪ್ರಚಲಿತ ಮಾರ್ಗಸೂಚಿ. ಸುಮಾರು 600 ಮೀಟರ್‌ಗಿಂತ ಎತ್ತರಕ್ಕೆ ರಸ್ತೆ ಅಥವಾ ರೈಲಿನಲ್ಲಿ ಏರುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದ್ದು, ಮೈಸೂರು ಕೂಡ ಸುಮಾರು 770 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ನೇತ್ರಾಣಿಯಲ್ಲಿ ಡೈವ್ ಮಾಡಿದ ದಿನವೇ ರಾತ್ರಿ ಘಟ್ಟ ಹತ್ತುವುದು ಸೂಕ್ತವಲ್ಲ. ಮೇಲಿನ ಯೋಜನೆಯ ಆರನೆಯ ದಿನ ಈ ದೃಷ್ಟಿಯಿಂದಲೂ ಅಗತ್ಯವಾಗಿದೆ. ಆರನೆಯ ದಿನ ಡೈವ್ ಮಾಡಿದವರು ಏಳನೆಯ ದಿನದ ಹೊರಡುವ ವೇಳೆಯನ್ನು ಅದಕ್ಕೆ ತಕ್ಕಂತೆ ಮುಂದೂಡಬೇಕಾಗುತ್ತದೆ.

ಸುರಕ್ಷತೆ

2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಕಾರವಾರದ ಬಳಿ ಮಗುಚಿ, ಮಕ್ಕಳೂ ಸೇರಿದಂತೆ 16 ಮಂದಿ ಮೃತಪಟ್ಟರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರೆಂದು ವರದಿಯಾಯಿತು. 2022ರ ಏಪ್ರಿಲ್‌ನಲ್ಲಿ ಸೇಂಟ್ ಮೇರಿಸ್ ದ್ವೀಪದಲ್ಲಿ ಕೇರಳದಿಂದ ಬಂದಿದ್ದ ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಮೃತಪಟ್ಟರು. ಈ ಮೂರೂ ದುರಂತಗಳು ಮಳೆಗಾಲದಲ್ಲಿ ಸಂಭವಿಸಿದವಲ್ಲ; ಪ್ರವಾಸಕ್ಕೆ ಯೋಗ್ಯವೆಂದು ಪರಿಗಣಿಸುವ ತಿಂಗಳುಗಳಲ್ಲೇ ನಡೆದವು. ಸರಿಯಾದ ಋತುವಿನ ಆಯ್ಕೆ ಅಗತ್ಯವಾದರೂ ಅದೊಂದೇ ಸಾಲದು ಎಂಬುದನ್ನು ಇವು ತೋರಿಸುತ್ತವೆ.

ದೋಣಿ ಹತ್ತುವ ಮುನ್ನ ಗಮನಿಸಬೇಕಾದ ಅಂಶಗಳು ಇಂತಿವೆ:

• ದೋಣಿಗೆ ಪ್ರಯಾಣಿಕರನ್ನು ಒಯ್ಯುವ ಪರವಾನಗಿ ಇದೆಯೇ, ಅನುಮತಿಸಿದ ಸಂಖ್ಯೆಗಿಂತ ಹೆಚ್ಚು ಜನರಿದ್ದಾರೆಯೇ ಎಂಬುದನ್ನು ನೋಡಬೇಕು. ಹಬ್ಬ, ಜಾತ್ರೆ ಮತ್ತು ರಜಾದಿನಗಳ ಸಂಜೆ ಕೊನೆಯ ದೋಣಿಗೆ ನೂಕುನುಗ್ಗಲು ಉಂಟಾಗುವುದರಿಂದ ಮೊದಲೇ ಮರಳುವುದು ಸುರಕ್ಷಿತ.
• ಪ್ರತಿಯೊಬ್ಬರಿಗೂ ಅಳತೆಗೆ ಹೊಂದುವ ಲೈಫ್ ಜಾಕೆಟ್ ಇರಬೇಕು ಮತ್ತು ಅದನ್ನು ದಡದಲ್ಲೇ ತೊಟ್ಟು ಕಟ್ಟಿಕೊಳ್ಳಬೇಕು. ಮಕ್ಕಳಿಗೆ ದೊಡ್ಡವರ ಜಾಕೆಟ್ ತೊಡಿಸಿದರೆ ನೀರಿನಲ್ಲಿ ಅದು ಮೇಲಕ್ಕೆ ಜಾರುತ್ತದೆ.
• ದೋಣಿ ಮುಂದಕ್ಕೋ ಪಕ್ಕಕ್ಕೋ ವಾಲುವಂತೆ ಎಲ್ಲರೂ ಒಂದೇ ಬದಿಗೆ ಸೇರಬಾರದು.
• ಪಾಚಿಗಟ್ಟಿದ ಬಂಡೆಗಳ ಅಂಚಿನಲ್ಲಿ ನಿಂತು ಛಾಯಾಚಿತ್ರ ತೆಗೆಯುವುದು ಅಪಾಯಕಾರಿ. ಸಣ್ಣ ಅಲೆಗಳ ನಡುವೆ ಆಗಾಗ ದೊಡ್ಡ ಅಲೆ ಬರುವುದು ಸಮುದ್ರದ ಸ್ವಭಾವ.
• ಹಿಂತಿರುಗುವ ವೇಳೆಯನ್ನು ದಡದಲ್ಲಿರುವ ಯಾರಿಗಾದರೂ ತಿಳಿಸಿರಬೇಕು.
• ಸಮುದ್ರಯಾನದಲ್ಲಿ ವಾಕರಿಕೆ ಬರುವವರು ವೈದ್ಯರ ಸಲಹೆಯಂತೆ ಮಾತ್ರೆಯನ್ನು ಹೊರಡುವ ಮುಂಚೆಯೇ ಸೇವಿಸಬೇಕು. ವಾಕರಿಕೆ ಆರಂಭವಾದ ಮೇಲೆ ಅದರ ಪ್ರಯೋಜನ ಕಡಿಮೆ.

ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಅಲೆಗಳ ಎತ್ತರ ಮತ್ತು ಗಾಳಿಯ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಭಾರತೀಯ ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆಗಳನ್ನು ನೀಡುತ್ತದೆ. ಮೀನುಗಾರರು ಸಮುದ್ರಕ್ಕೆ ಇಳಿಯಬಾರದೆಂಬ ಎಚ್ಚರಿಕೆ ಇರುವ ದಿನ ಪ್ರವಾಸಿ ದೋಣಿಯೂ ಹೊರಡಬಾರದು ಎಂಬುದು ಸರಳವಾದ ಮಾನದಂಡ. ಸಮುದ್ರದಲ್ಲಿ ತುರ್ತು ಸಂದರ್ಭದಲ್ಲಿ ಭಾರತೀಯ ಕರಾವಳಿ ರಕ್ಷಣಾ ಪಡೆಯನ್ನು 1554 ಸಂಖ್ಯೆಯಲ್ಲಿ, ಕರಾವಳಿ ಕಾವಲು ಪೊಲೀಸರನ್ನು 1093 ಸಂಖ್ಯೆಯಲ್ಲಿ ಸಂಪರ್ಕಿಸಬಹುದು. ದೋಣಿಗಳ ವಿ.ಎಚ್.ಎಫ್. ರೇಡಿಯೊದಲ್ಲಿ 16ನೆಯ ಚಾನೆಲ್ ಅಂತರರಾಷ್ಟ್ರೀಯ ತುರ್ತು ಕರೆಗೆ ಮೀಸಲಾಗಿದೆ. ತೀರದಿಂದ ದೂರ ಸಾಗಿದಂತೆ ಮೊಬೈಲ್ ಸಂಕೇತ ದುರ್ಬಲವಾಗುವುದರಿಂದ ನೇತ್ರಾಣಿಯಂತಹ ಪ್ರಯಾಣಗಳಲ್ಲಿ ರೇಡಿಯೊ ಇರುವ ದೋಣಿಯನ್ನು ಆರಿಸಿಕೊಳ್ಳುವುದು ಉತ್ತಮ.

ಪರಿಸರ ಮತ್ತು ಕಾನೂನು

ಈ ದ್ವೀಪಗಳು ಚಿಕ್ಕವಾಗಿರುವುದರಿಂದ ಜನದಟ್ಟಣೆಯ ಪರಿಣಾಮ ಅವುಗಳ ಮೇಲೆ ಬೇಗನೆ ಕಾಣಿಸಿಕೊಳ್ಳುತ್ತದೆ. ಅಲ್ಲಿ ಉಳಿದ ಪ್ಲಾಸ್ಟಿಕ್ ತ್ಯಾಜ್ಯವನ್ನು ದೋಣಿಯಲ್ಲೇ ದಡಕ್ಕೆ ತರಬೇಕಾಗುತ್ತದೆ. ಸೇಂಟ್ ಮೇರಿಸ್ ದ್ವೀಪಗಳಲ್ಲಿ ಕಂಬಶಿಲೆಗಳನ್ನು ಒಡೆಯುವುದು, ಅವುಗಳ ಮೇಲೆ ಹೆಸರು ಕೆತ್ತುವುದು ಮರಳಿ ಸರಿಪಡಿಸಲಾಗದ ಹಾನಿಯಾಗಿದೆ. ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆಯಿದ್ದು, ಅವುಗಳನ್ನು ಕೀಳುವುದು, ಸಾಗಿಸುವುದು ಅಪರಾಧ. ನೇತ್ರಾಣಿಯಲ್ಲಿ ದೋಣಿಗಳು ಹವಳಗಳ ಮೇಲೆ ಲಂಗರು ಎಸೆದರೆ, ಅನುಭವವಿಲ್ಲದವರು ಅವುಗಳ ಮೇಲೆ ಕಾಲಿಟ್ಟರೆ, ನಿಧಾನವಾಗಿ ಬೆಳೆಯುವ ಹವಳಗಳು ಮುರಿಯುತ್ತವೆ. ತೀರಪ್ರದೇಶದ ನಿರ್ಮಾಣಗಳಿಗೆ 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುತ್ತವೆ.

ದೋಣಿ ವಿಹಾರ ಸ್ಥಳೀಯರಿಗೆ ಆದಾಯದ ಮೂಲವೂ ಆಗಿದೆ. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಈ ಆದಾಯ ನಿಲ್ಲುತ್ತದೆ. ಉಳಿದ ತಿಂಗಳುಗಳ ಗಳಿಕೆಯಲ್ಲೇ ವರ್ಷವನ್ನು ತೂಗಿಸಬೇಕಾದ ಅನಿವಾರ್ಯತೆ, ಹೆಚ್ಚು ಜನರನ್ನು ಹತ್ತಿಸಿಕೊಳ್ಳುವ ಮತ್ತು ಅನುಮಾನಾಸ್ಪದ ಹವಾಮಾನದಲ್ಲೂ ಹೊರಡುವ ಪ್ರವೃತ್ತಿಗೆ ಎಡೆಮಾಡಿಕೊಡಬಲ್ಲದು. ಹವಾಮಾನ ಕೆಟ್ಟಾಗ ಪ್ರಯಾಣವನ್ನು ಮರುದಿನಕ್ಕೆ ಮುಂದೂಡಲು ಒಪ್ಪುವ ಪ್ರವಾಸಿಗರು ಈ ಒತ್ತಡವನ್ನು ತಗ್ಗಿಸಲು ನೆರವಾಗುತ್ತಾರೆ.

ಇವನ್ನೂ ನೋಡಿ

• ಸೇಂಟ್ ಮೇರಿಸ್ ದ್ವೀಪಗಳು
• ನೇತ್ರಾಣಿ
• ಮಲ್ಪೆ
• ಮುರುಡೇಶ್ವರ
• ಕಾರವಾರ
• ಕೊಂಕಣ ರೈಲ್ವೆ
• ಬ್ರಿಟಿಷ್ ವರ್ಜಿನ್ ದ್ವೀಪಗಳು